ಪಂಚಾಯಿತಿಗೆ ಕೇಬಲ್ ಬಂತು, ಹಗೇವು ಎಲ್ಲಿ?

ನಮ್ಮ ಹಿರಿಯರು ಜೋಳವನ್ನು ಪೇಟೆಯಲ್ಲಿಟ್ಟು ದಿನಾ ಒಂದೊಂದು ಸೇರು ತರಲು ಓಡಾಡಲಿಲ್ಲ. ಊರಲ್ಲೇ ಹಗೇವು ತೋಡಿ ವರ್ಷದ ಕಾಳು ತುಂಬಿಟ್ಟರು. ಇಂಟರ್ನೆಟ್ ವಿಷಯದಲ್ಲಿ ಈ ಬುದ್ಧಿ ಸರ್ಕಾರಕ್ಕೆ ಯಾಕಿಲ್ಲ?

ಕಂಪನಿಗಳಿಗಂತೂ ಇದೆ. ಬಹಳ ಜನ ನೋಡುವ ವಿಡಿಯೊದ ಪ್ರತಿಯನ್ನು ನೋಡುವವರ ಹತ್ತಿರದ ಯಂತ್ರದಲ್ಲಿ ಇಡುತ್ತಾರೆ. ಇದೇ ಕ್ಯಾಶ್, ರೊಕ್ಕದ ಕ್ಯಾಶ್ ಅಲ್ಲ, ದಾಸ್ತಾನು. ನೆಟ್‌ಫ್ಲಿಕ್ಸ್ 2012ರಲ್ಲೇ 'ಓಪನ್ ಕನೆಕ್ಟ್' ಪ್ರಕಟಿಸಿ, ಇಂಥ ಪೆಟ್ಟಿಗೆಗಳನ್ನು ನೆಟ್‌ವರ್ಕ್ ಕಂಪನಿಗಳಿಗೆ ಪುಕ್ಕಟೆ ಕೊಡತೊಡಗಿತು. ಲೈನ್ ಖಾಲಿ ಇರುವ ಹೊತ್ತಿನಲ್ಲಿ ಅವು ತುಂಬಿಕೊಳ್ಳುತ್ತವೆ, ನಾವು ರಾತ್ರಿ ಕರೆಂಟಿಗೆ ಕೃಷಿ ಹೊಂಡ ತುಂಬಿಸಿಕೊಳ್ಳುವ ಹಾಗೆ.

ಆದರೆ ಪೆಟ್ಟಿಗೆ ಎಲ್ಲಿಡಬೇಕು, ಅದರಲ್ಲಿ ಏನಿಡಬೇಕು? ಅಲ್ಲಿ ದಟ್ಟಣೆಯದೇ ತೀರ್ಮಾನ. ಹೆಚ್ಚು ಜನ ಒತ್ತಿದ್ದು ಹತ್ತಿರ, ಕಡಿಮೆ ಜನ ಒತ್ತಿದ್ದು ದೂರ. ಈ ಲೆಕ್ಕದಲ್ಲಿ ಸಿನಿಮಾ ಹಾಡು ಗೆಲ್ಲುತ್ತದೆ, ಸಿಂದಗಿಯ ಹುಡುಗಿ ಹುಡುಕುವ ಹತ್ತನೇ ತರಗತಿಯ ಕನ್ನಡ ಮಾಧ್ಯಮದ ಗಣಿತ ಪಾಠ ಸೋಲುತ್ತದೆ. ಕಂಪನಿ ತನ್ನ ಲಾಭ ನೋಡಲಿ. ಜನರ ತೆರಿಗೆಯ ಜಾಲವೂ ಅದನ್ನೇ ನೋಡಿದರೆ ಅದು ಅನ್ಯಾಯ.

2011ರಲ್ಲಿ ಕೇಂದ್ರ ಒಪ್ಪಿದ, ಈಗ ಭಾರತ್‌ನೆಟ್ ಎನ್ನುವ ಯೋಜನೆಯ ಗುರಿ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದು. ಅದು ಬರೀ ಕಾಲುವೆ. ಆಲಮಟ್ಟಿಯಲ್ಲಿ ನೀರು ನಿಂತ ಮಾತ್ರಕ್ಕೆ ನಮ್ಮ ಬಾವಿ ತುಂಬಲಿಲ್ಲ. ನೀರೆತ್ತಿ ಕೆರೆ ತುಂಬಿಸಿದ ಮೇಲೆ ಸುತ್ತಲಿನ ಬಾವಿಗಳಿಗೆ ಜೀವ ಬಂತು. ಇಲ್ಲಿ ಆ ಕೆರೆ ಎಲ್ಲಿ?

ಪಂಚಾಯಿತಿಯ ಅರಿವು ಕೇಂದ್ರದಲ್ಲಿ ದೊಡ್ಡ ಡಿಸ್ಕಿನ ಒಂದು ಕಂಪ್ಯೂಟರ್, ಒಂದು ವೈಫೈ ಇಡಿ. ಶಾಲೆಯ ಪಠ್ಯಪುಸ್ತಕ, ಪಾಠದ ವಿಡಿಯೊ, ಸರ್ಕಾರಿ ಅರ್ಜಿ ನಮೂನೆ, ತೊಗರಿ ಮತ್ತು ಲಿಂಬೆ ಕುರಿತ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮಾಹಿತಿ ಅದರಲ್ಲಿರಲಿ. ನಲವತ್ತು ಮಕ್ಕಳು ಒಂದೇ ಪಾಠ ನೋಡಿದರೆ ಅದು ದೂರದಿಂದ ಒಮ್ಮೆ ಬಂದರೆ ಸಾಕು, ನಲವತ್ತು ಸಲ ಬರಬೇಕಿಲ್ಲ.

ಎಲ್ಲವನ್ನೂ ಹೀಗೆ ಇಡಲಾಗದು, ನಿಜ. ನಿನ್ನೆಯ ಎಪಿಎಂಸಿ ದರ ಇಂದು ತೋರಿಸಿದರೆ ರೈತನಿಗೆ ಪೆಟ್ಟು. ಅಂಥದ್ದು ಆಗಿಂದಾಗ ಮೂಲದಿಂದಲೇ ಬರಲಿ. ಪಠ್ಯಪುಸ್ತಕ ದಿನಾ ಬದಲಾಗುವುದಿಲ್ಲವಲ್ಲ!

"ನೆಟ್‌ವರ್ಕ್ ಸುಧಾರಿಸುತ್ತಿದೆ, ಇದೆಲ್ಲ ಯಾಕೆ" ಅನ್ನುವವರಿಗೆ ಒಂದೇ ಮಾತು: ರಸ್ತೆ ಕೆಲಸದ ಜೆಸಿಬಿ ಕೇಬಲ್ ಹರಿದ ದಿನ ಯಾವ ವೇಗವೂ ಕೆಲಸಕ್ಕೆ ಬಾರದು. ಊರಲ್ಲಿ ಇಟ್ಟದ್ದು ಬರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓದುಗರೇ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಕೇಬಲ್ ಎಳೆದಿರಿ, ಹಗೇವು ಯಾವಾಗ? ಅದರಲ್ಲಿ ಏನು ತುಂಬಬೇಕೆಂಬ ಪಟ್ಟಿಯನ್ನೂ ನೀವೇ ಬರೆದು ಕೊಡಿ.