ಕೋಲ್ಕತ್ತ ಅಲ್ಲ, ಚೆನ್ನೈ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಅವನೇ ಇಬ್ಬರು ಮಕ್ಕಳ ತಂದೆ. ಮಾತು ಹೇಗೋ ಕ್ರಿಕೆಟ್ಟಿನತ್ತ ಹೊರಳಿತು. ‘2001ರ ಆಸ್ಟ್ರೇಲಿಯಾ ಸರಣಿ ಎಂದರೆ ಲಕ್ಷ್ಮಣರ 281, ಅಷ್ಟೇ ಅಲ್ಲವೇ ಸಾರ್?’ ಎಂದ. ಅಲ್ಲ ಎಂದೆ. ಕಾಫಿ ಆರಿಹೋಗುವವರೆಗೆ ವಾದಿಸಿದೆವು, ಅವನು ಒಪ್ಪಲಿಲ್ಲ. ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಓದುತ್ತಾನೆಂದು ಬಲ್ಲೆ.

ಸ್ಟೀವ್ ವಾ ಅವರ ಆಸ್ಟ್ರೇಲಿಯಾ ಸತತ 15 ಟೆಸ್ಟ್‌ಗಳನ್ನು ಗೆದ್ದು ಭಾರತಕ್ಕೆ ಬಂದಿತ್ತು. ಆದರೆ 1969–70ರ ನಂತರ ಅವರು ನಮ್ಮ ನೆಲದಲ್ಲಿ ಸರಣಿ ಗೆದ್ದಿರಲಿಲ್ಲ. ಇತ್ತ ನಮ್ಮ ಅನಿಲ್ ಕುಂಬ್ಳೆ ಭುಜದ ನೋವಿನಿಂದ ಹೊರಗುಳಿದಿದ್ದರು. ಮುಂಬೈಯ ಮೊದಲ ಪಂದ್ಯ ಮೂರೇ ದಿನಗಳಲ್ಲಿ, ಹತ್ತು ವಿಕೆಟ್‌ಗಳ ಸೋಲಿನಲ್ಲಿ ಮುಗಿಯಿತು. ಸೋಲಿಸಬೇಕಾದವನು ಇಂಥವನಾಗಿರಬೇಕು, ಬಡವನನ್ನು ಬಡಿದ ಸರಣಿಯನ್ನು ಯಾರೂ ಇಷ್ಟು ವರ್ಷ ನೆನಪಿಟ್ಟುಕೊಳ್ಳುವುದಿಲ್ಲ.

ಕೋಲ್ಕತ್ತದ ಕಥೆ ನಿಮಗೆಲ್ಲ ಬಾಯಿಪಾಠ. ಆಸ್ಟ್ರೇಲಿಯಾ 445, ಭಾರತ 171, ಫಾಲೋ ಆನ್. ಮೂರನೆಯ ಸಂಜೆ ನಮ್ಮ ಎರಡನೆಯ ಇನಿಂಗ್ಸ್ ನಾಲ್ಕು ವಿಕೆಟ್‌ಗೆ 254 ಆಗಿತ್ತು. ಇನ್ನೂ 20 ರನ್ ಹಿಂದೆ. ಮರುದಿನ, ಮಾರ್ಚ್ 14ರ ಬುಧವಾರ, ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಪುಟ್ಟ ರೇಡಿಯೊವನ್ನು ಕಿವಿಗೊತ್ತಿಕೊಂಡು ಕುಳಿತಿದ್ದ. ಪರೀಕ್ಷೆ ತಲೆಯ ಮೇಲಿತ್ತು. ‘ಮುಗಿದ ಪಂದ್ಯವನ್ನು ಏನು ಕೇಳುತ್ತೀಯಪ್ಪ?’ ಎಂದು ಅದನ್ನು ಕಿತ್ತುಕೊಂಡು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದೆ. ಆ ದಿನ ಲಕ್ಷ್ಮಣ ಮತ್ತು ದ್ರಾವಿಡ್ ಇಡೀ 90 ಓವರ್ ಆಡಿದರು. ಒಂದೂ ವಿಕೆಟ್ ಬೀಳಲಿಲ್ಲ. 335 ರನ್ ಬಂದವು. ಸರಣಿಯ ಹಿಂದಿನ ಇನಿಂಗ್ಸ್‌ಗಳಲ್ಲಿ ಹೆಣಗಿದ್ದ, ಮೂರನೆಯ ಕ್ರಮಾಂಕವನ್ನು ಲಕ್ಷ್ಮಣರಿಗೆ ಬಿಟ್ಟುಕೊಟ್ಟು ಆರನೆಯವರಾಗಿ ಇಳಿದ ದ್ರಾವಿಡ್ 180 ಗಳಿಸಿದರು. ಐದನೆಯ ದಿನ ಆಸ್ಟ್ರೇಲಿಯಾ 3ಕ್ಕೆ 166 ಇದ್ದದ್ದು ನೋಡನೋಡುತ್ತಲೇ 8ಕ್ಕೆ 174 ಆಯಿತು. ಭಾರತ 171 ರನ್‌ಗಳಿಂದ ಗೆದ್ದಿತು.

ಪಂದ್ಯವೊಂದು ಇದಕ್ಕಿಂತ ದೊಡ್ಡದಾಗಲಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಮಾರ್ಚ್ 15ರ ಸಂಜೆ ಸರಣಿಯ ಲೆಕ್ಕವೇನು? 1–1. ಚೆನ್ನೈಯಲ್ಲಿ ಸೋತಿದ್ದರೆ, ಆಸ್ಟ್ರೇಲಿಯಾದ ವಿಜಯಯಾತ್ರೆಯಲ್ಲಿ ಒಂದು ದಿನ ಕಾಲು ಜಾರಿತು ಎಂಬಷ್ಟಕ್ಕೆ ಲಕ್ಷ್ಮಣರ 281 ನಿಲ್ಲುತ್ತಿತ್ತು. ಗಳಿಸಿದ್ದೆಲ್ಲವನ್ನೂ ಮತ್ತೆ ಪಣಕ್ಕಿಡಬೇಕಾದ ಪಂದ್ಯವೊಂದು ಬಾಕಿ ಇರಬೇಕು. ಸರಣಿಯ ದೊಡ್ಡತನವನ್ನು ನಾನು ಅಳೆಯುವುದು ಅಲ್ಲಿ.

ಚೆನ್ನೈಯಲ್ಲಿ ಆದದ್ದೂ ಅದೇ. ಹೇಡನ್ 203 ಹೊಡೆದರು. 3 ವಿಕೆಟ್‌ಗೆ 340 ಇದ್ದಾಗ ಸ್ಟೀವ್ ವಾ ಚೆಂಡನ್ನು ಕೈಯಿಂದ ತಳ್ಳಿ ಔಟಾದರು (ಅಷ್ಟು ಗಟ್ಟಿ ಮನಸ್ಸಿನ ಮನುಷ್ಯನಿಗೂ ಅರೆಕ್ಷಣ ಕೈ ಕೇಳಲಿಲ್ಲ!), 391ಕ್ಕೆ ಎಲ್ಲ ಮುಗಿಯಿತು. ತೆಂಡೂಲ್ಕರ್ 126 ಹೊಡೆದರು, ಹರಭಜನ್ ಪಂದ್ಯದಲ್ಲಿ 15 ವಿಕೆಟ್ ಕಿತ್ತರು. ಕೊನೆಗೆ ಬೇಕಿದ್ದದ್ದು 155 ರನ್ ಮಾತ್ರ. ಅದನ್ನು ಮುಟ್ಟುವಷ್ಟರಲ್ಲಿ ಎಂಟು ವಿಕೆಟ್ ಹೋಗಿದ್ದವು. ಲಕ್ಷ್ಮಣ 66ಕ್ಕೆ ಮಾರ್ಕ್ ವಾ ಹಿಡಿದ ಅದ್ಭುತ ಕ್ಯಾಚಿಗೆ ಬಲಿಯಾದರು. ತಮ್ಮ ಮೊದಲ ಟೆಸ್ಟ್ ಆಡುತ್ತಿದ್ದ ಸಮೀರ್ ದಿಘೆ 22 ರನ್ ಮಾಡಿ ಅಜೇಯರಾಗಿ ನಿಂತರು. ಗೆಲುವಿನ ಹೊಡೆತ ಹರಭಜನ್ ಅವರದು. ದಿಘೆಯವರ ಆ 22ನ್ನು ಇಂದು ಎಷ್ಟು ಜನ ನೆನೆಯುತ್ತಾರೆ? ಆ 22 ಇಲ್ಲದಿದ್ದರೆ 281ಕ್ಕೆ ಈ ಬೆಲೆ ಇರುತ್ತಿತ್ತೇ?

ನನ್ನ ಮಾತಿಗೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. 2023ರ ಫೆಬ್ರುವರಿಯಲ್ಲಿ ವೆಲಿಂಗ್ಟನ್‌ನಲ್ಲಿ ನ್ಯೂಜಿಲೆಂಡ್ ಫಾಲೋ ಆನ್ ಆಡಿ, ಇಂಗ್ಲೆಂಡನ್ನು ಒಂದೇ ಒಂದು ರನ್ನಿನಿಂದ ಸೋಲಿಸಿತು. ಕೋಲ್ಕತ್ತಕ್ಕೆ ಸರಿಸಾಟಿಯಾದ ಪವಾಡ. ಆದರೆ ಅದು ಎರಡೇ ಪಂದ್ಯಗಳ ಸರಣಿ. 1–1ಕ್ಕೆ ಕೈಕುಲುಕಿ ಎಲ್ಲರೂ ಮನೆಗೆ ಹೋದರು. ಪಂದ್ಯವನ್ನು ಜನ ನೆನೆಯುತ್ತಾರೆ, ಸರಣಿಯನ್ನು ನೆನೆಯುವವರಿಲ್ಲ. ಎರಡು ಟೆಸ್ಟ್‌ಗಳ ಸರಣಿಗಳನ್ನು ಏರ್ಪಡಿಸುವವರ ಮೇಲೆ ನನಗಿರುವ ಸಿಟ್ಟು ಇದೇ. 2020–21ರಲ್ಲಿ ಅಡಿಲೇಡ್‌ನಲ್ಲಿ 36ಕ್ಕೆ ಕುಸಿದ ನಮ್ಮವರು ಮೆಲ್ಬರ್ನ್‌ನಲ್ಲಿ ಗೆದ್ದರು. ಸರಣಿ ಅಲ್ಲಿಗೇ ಮುಗಿದಿದ್ದರೆ ಸಿಡ್ನಿಯ ಡ್ರಾ ಎಲ್ಲಿ, ಬ್ರಿಸ್ಬೇನಿನ ಆ ಗೆಲುವು ಎಲ್ಲಿ?

ಇಷ್ಟೆಲ್ಲ ವಾದಿಸಿದ ಮೇಲೆ ನನ್ನ ಪಕ್ಷಪಾತವನ್ನೂ ಹೇಳಿಬಿಡಬೇಕು. ಆ ಹಿಂದಿನ ಬೆಂಚಿನ ಹುಡುಗನೇ ಕಳೆದ ವಾರ ಮನೆಗೆ ಬಂದವನು. ಮಾರ್ಚ್ 22ರ ಗುರುವಾರ, ಚೆನ್ನೈಯ ಕೊನೆಯ ದಿನ, ಬೀಗ ತೆಗೆದು ಅವನ ರೇಡಿಯೊವನ್ನು ನಾನೇ ತರಗತಿಯ ಮೇಜಿನ ಮೇಲಿಟ್ಟೆ. ದಿಘೆ, ಹರಭಜನರ ಕೊನೆಯ ರನ್‌ಗಳನ್ನು ಇಡೀ ತರಗತಿ ಉಸಿರು ಬಿಗಿಹಿಡಿದು ಕೇಳಿತು. ಚೆನ್ನೈಯನ್ನು ನಾನು ಅವರೊಂದಿಗೆ ಕೇಳಿದ್ದೇನೆ. ಅವನು ಬಿಟ್ಟುಕೊಡಲೊಲ್ಲದ ಆ 281ರ ಬಹುಪಾಲು ಮಾತ್ರ, ಅವನಿಗೆ ಕೇಳಿಸದಂತೆ, ನನ್ನ ಮೇಜಿನ ಖಾನೆಯೊಳಗೆ ಕಳೆದುಹೋಯಿತು.

ಮನೆಯಿಂದ ಹೊರಡುವಾಗ ಅವನು ಆ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ.