ಔಷಧಶಾಲೆಯ ಬಾಗಿಲಿಗೆ ಭೌತಶಾಸ್ತ್ರದ ಬೀಗ

ವೈದ್ಯರ ಚೀಟಿ ನೋಡಿ ಮದ್ದು ಕೊಡುವವನು ನೋಂದಾಯಿತ ಫಾರ್ಮಸಿಸ್ಟನೇ ಆಗಿರಬೇಕೆಂದು 1948ರ ಫಾರ್ಮಸಿ ಕಾಯಿದೆ ಹೇಳುತ್ತದೆ. ಸರಿಯಾದ ಮಾತು. ಡಿ.ಫಾರ್ಮ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿರಲೇಬೇಕು. ಜೊತೆಗೆ ಜೀವಶಾಸ್ತ್ರ ಅಥವಾ ಗಣಿತ, ಒಂದಿದ್ದರೆ ಸಾಕು. ಉಳ್ಳವರ ಮಗನಿಗೆ ಇದನ್ನು ಮನೆಪಾಠದ ಮೇಷ್ಟ್ರು ಮೊದಲೇ ಹೇಳುತ್ತಾರೆ. ಗಿರಣಿಯವನ ಮಗಳಿಗೆ, ಸಣ್ಣಂಗಡಿಯವನ ಮಗನಿಗೆ ಹೇಳುವವರಾರು? ಊರ ಕಾಲೇಜಿನಲ್ಲಿ ವಿಜ್ಞಾನವಿಲ್ಲವೆಂದು ವಾಣಿಜ್ಯ ಸೇರುತ್ತಾರೆ. ಎರಡು ವರ್ಷ ಕಳೆದ ಮೇಲೆ ಔಷಧಶಾಲೆಯ ಬಾಗಿಲು ಮುಚ್ಚಿದ್ದು ತಿಳಿಯುತ್ತದೆ.

ನಿಯಮ ತಪ್ಪಲ್ಲ. ವಿಜ್ಞಾನ ಓದುವ ದಾರಿ ಕೊಡದೆ ನಿಯಮ ಮಾತ್ರ ತೋರಿಸುವುದು ಅನ್ಯಾಯ. ಪ್ರತಿ ಸರ್ಕಾರಿ ಪಿಯು ಕಾಲೇಜಿಗೂ ವಿಜ್ಞಾನ ವಿಭಾಗ, ಪ್ರಯೋಗಶಾಲೆ ಬೇಕು. ಪ್ರತಿ ಹೈಸ್ಕೂಲಿನ ಗೋಡೆಯ ಮೇಲೆ ಈ ನಿಯಮ ಬರೆಯಬೇಕು. ತಂದೆತಾಯಿಗಳೇ, ಮಕ್ಕಳು ವಿಷಯ ಆರಿಸುವ ಮೊದಲೇ ಹೋಗಿ ಕೇಳಿ. ಒಬ್ಬರೇ ಅಲ್ಲ, ಬೀದಿಯವರೆಲ್ಲ ಸೇರಿ ಕೇಳಿ.