ಅಂಗೈ ಕಂಪ್ಯೂಟರಿನ ಒಳಗಿರುವ ಯಜಮಾನ

ಮಗನಿಗೋ ಮಗಳಿಗೋ ಟ್ಯಾಬ್ಲೆಟ್ ಕೊಡಿಸಲು ಗಾವಡಗೆರೆಯಿಂದ ಹುಣಸೂರಿಗೆ ಬಸ್ ಹತ್ತುವ ಅಪ್ಪ ಅಂಗಡಿಯಲ್ಲಿ ಕೇಳುವುದೇನು? ಬೆಲೆ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ, ಕ್ಯಾಮೆರಾ ಹೇಗಿದೆ? ಒಳಗೆ ಕೂತು ಇಡೀ ಯಂತ್ರವನ್ನು ಆಳುವ ಯಜಮಾನ, ಅಂದರೆ ಆಪರೇಟಿಂಗ್ ಸಿಸ್ಟಮ್ ಯಾವುದೆಂದು ಕೇಳುವವರು ಕಡಿಮೆ.

ಬೆಂಗಳೂರಿನಲ್ಲಿ ಕೆಲವರು ಈ ಪ್ರಶ್ನೆಯನ್ನೇ ಮೊದಲು ಕೇಳಿಕೊಂಡರು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಹಳ್ಳಿಯ ಜನ ಹಂಚಿಕೊಂಡು ಬಳಸಬಹುದಾದ ಅಂಗೈ ಕಂಪ್ಯೂಟರ್ ಅವರ ಕನಸು. ಯಂತ್ರ ಒಂದೇ ಇದ್ದರೂ ಒಬ್ಬೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರುತ್ತದೆ!

ಆಗ ಅಂಗೈ ಯಂತ್ರಗಳಲ್ಲಿ ಹೆಸರಾಗಿದ್ದವು ಪಾಮ್ ಮತ್ತು ಮೈಕ್ರೋಸಾಫ್ಟ್‌ನ ವಿಂಡೋಸ್ ಸಿಇ. ಎರಡೂ 1996ರಲ್ಲಿ ಮಾರುಕಟ್ಟೆಗೆ ಬಂದವು. ಪಾಮ್ ಬಲು ಹಗುರ. ಎರಡು ಪುಟ್ಟ ಸೆಲ್ಲಿನಲ್ಲಿ ವಾರಗಟ್ಟಲೆ ನಡೆಯುತ್ತಿತ್ತು. ಆದರೆ ಎರಡಕ್ಕೂ ಪರವಾನಗಿ ಶುಲ್ಕ ತೆರಬೇಕು. ಒಳಗಿನದನ್ನು ಬದಲಿಸುವ ಅಧಿಕಾರವೂ ಕಂಪನಿಯದೇ. ಕನ್ನಡ ಬೇಕೆಂದರೆ ಅವರ ಬಾಗಿಲಲ್ಲಿ ಕಾಯಬೇಕು. ಸಿಂಪ್ಯೂಟರ್ ತಂಡ ಲಿನಕ್ಸ್ ಆರಿಸಿಕೊಂಡಿತು. ಅದಕ್ಕೆ ಶುಲ್ಕವಿಲ್ಲ, ಅದರ ಮೂಲ ಸಂಕೇತ ಎಲ್ಲರಿಗೂ ಮುಕ್ತ. ಹಾಗಾಗಿಯೇ ಭಾರತೀಯ ಭಾಷೆಗಳನ್ನು ತಾವೇ ಕೂಡಿಸಲು ಸಾಧ್ಯವಾಯಿತು. ಬರಹವನ್ನು ಓದಿ ಹೇಳುವ 'ಧ್ವನಿ' ತಂತ್ರಾಂಶ ಕನ್ನಡವನ್ನೂ ಮಾತಾಡಿತು.

ಮುಂದೇನಾಯಿತು? 2004ರಲ್ಲಿ ಪಿಕೊಪೆಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ 'ಅಮಿಡ' ಹೆಸರಿನ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದವು. ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರು. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗುತ್ತಾ ಬಂದಿತ್ತು. ಅಮಿಡ ಕೆಲವೇ ಸಾವಿರ ಮಾರಾಟವಾಗಿ ಮರೆಯಾಯಿತು. ಒಳಗಿನ ಯಜಮಾನ ಒಳ್ಳೆಯವನಾದರೆ ಸಾಲದು, ಬೆಲೆ ಮತ್ತು ಬಳಕೆ ಕೂಡಿಬರಬೇಕು.

ಆದರೂ ಅವರ ಲೆಕ್ಕಾಚಾರ ಪೂರ್ತಿ ತಪ್ಪಲಿಲ್ಲ. ಪಾಮ್ ಕಣ್ಮರೆಯಾಯಿತು. ವಿಂಡೋಸ್ ಸಿಇ ವಂಶದ ಕೊನೆಯ ಆವೃತ್ತಿಗೂ 2023ರಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. 2008ರಲ್ಲಿ ಮೊದಲ ಫೋನಿನೊಂದಿಗೆ ಬಂದ ಆಂಡ್ರಾಯ್ಡ್‌ನ ತಿರುಳು ಮಾತ್ರ ಅದೇ ಲಿನಕ್ಸ್.

ಪಾಲಕರೇ, ವಿದ್ಯಾರ್ಥಿಗಳೇ, ಹಣ ಕೊಡುವ ಮುನ್ನ ನಾಲ್ಕು ಮಾತು ಕೇಳಿ. ಭದ್ರತಾ ಅಪ್‌ಡೇಟ್ ಇನ್ನೆಷ್ಟು ವರ್ಷ ಬರುತ್ತದೆ? ಕನ್ನಡದಲ್ಲಿ ಸಲೀಸಾಗಿ ಟೈಪಿಸಲು, ಓದಿಸಿ ಕೇಳಲು ಆಗುತ್ತದೆಯೇ? ಬರೆದಿಟ್ಟ ಟಿಪ್ಪಣಿಗಳನ್ನು ನಾಳೆ ಬೇರೆ ಕಂಪನಿಯ ಯಂತ್ರಕ್ಕೆ ಸಾಗಿಸಬಹುದೇ? ಕಾಲೇಜು ಹೇಳುವ ಆ್ಯಪ್ ಇದರಲ್ಲಿ ನಡೆಯುತ್ತದೆಯೇ?

ಅಣ್ಣನ ಹಳೆಯ ಫೋನು ತಂಗಿಗೆ ಬರುವ ಮನೆಗಳಲ್ಲಿ ಮೊದಲ ಪ್ರಶ್ನೆಯೇ ಮುಖ್ಯ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್ ತೆರೆದು ಕೊನೆಯ ಭದ್ರತಾ ಅಪ್‌ಡೇಟ್ ಯಾವ ತಿಂಗಳದ್ದೆಂದು ನೋಡಿ. ಅದು ವರ್ಷಗಟ್ಟಲೆ ಹಿಂದಿನದಾದರೆ ಆ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಬೇಡ. ಪಾಠ ಓದಲು ಇಟ್ಟುಕೊಳ್ಳಲಿ.